ಸಂತೆಯ ಲಿಪ್‌ಸ್ಟಿಕ್ಕೂ ಸಾಹುಕಾರರ ಅಭಿರುಚಿಯೂ

‘ಕೂಲಿಗೆ ಹೋಗುವವರಿಗೆ ಇದೆಲ್ಲ ಯಾಕೆ ಬೇಕು?’ ಎಂಬ ಪ್ರಶ್ನೆಯನ್ನು ನಮ್ಮ ಕಾಫಿ ಸೀಮೆಯಲ್ಲಿ ನಾನು ಎಷ್ಟು ಬಾರಿ ಕೇಳಿಸಿಕೊಂಡಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ‘ಇದೆಲ್ಲ’ ಎಂದರೆ ಲಿಪ್‌ಸ್ಟಿಕ್. ಅದರಲ್ಲೂ ದೂರದಿಂದಲೇ ಕಣ್ಣಿಗೆ ಹೊಡೆಯುವ ಕೆಂಪು ಅಥವಾ ರಾಣಿ ಬಣ್ಣದ ಲಿಪ್‌ಸ್ಟಿಕ್. ಮದುವೆಮನೆಯ ಪಂಕ್ತಿಯಲ್ಲಿ, ಸಹಕಾರ ಸಂಘದ ಮಹಾಸಭೆ ಮುಗಿದ ಮೇಲಿನ ಹರಟೆಯಲ್ಲಿ, ಮೂಡಿಗೆರೆಯ ಸಂತೆಯ ದಿನ ಕಾರಿನ ಗಾಜು ಇಳಿಸಿ ಹೊರಗೆ ನೋಡುವ ಹೊತ್ತಿನಲ್ಲಿ ಈ ಮಾತು ಬರುತ್ತದೆ. ಆಡುವವರು ಕೆಟ್ಟವರೇನಲ್ಲ. ತೋಟದ ಆಳಿನ ಹೆರಿಗೆಗೆ ನಡುರಾತ್ರಿ ಜೀಪು ಕಳಿಸಿದವರು, ಅವರ ಮಕ್ಕಳಿಗೆ ಪುಸ್ತಕ ಕೊಡಿಸಿದವರು ಇವರಲ್ಲಿದ್ದಾರೆ. ಲೈನುಮನೆಯ ಹೆಣ್ಣುಮಗಳಿಗೆ ಅಕ್ಕಿ ಬೇಕು, ಕಂಬಳಿ ಬೇಕು, ಔಷಧ ಬೇಕು ಎಂಬುದನ್ನು ಒಪ್ಪುವ ಈ ಸಜ್ಜನರಿಗೆ, ಆಕೆಗೆ ಚೆಂದ ಕಾಣುವುದೂ ಬೇಕು ಎಂಬುದೊಂದು ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ.

ಈ ಸೀಮೆಗೆ ಲಿಪ್‌ಸ್ಟಿಕ್ ಹೊಸದಲ್ಲ. ಬಿಳಿಯ ಪ್ಲಾಂಟರುಗಳ ಹೆಂಡಂದಿರು ಅದನ್ನು ಹಚ್ಚಿಕೊಂಡು ಕ್ಲಬ್ಬಿಗೆ ಬರುತ್ತಿದ್ದರು. ಅವರು ಹೋದ ಮೇಲೆ ಅದೇ ಬಂಗಲೆಗಳನ್ನು ಸೇರಿದ ನಮ್ಮವರೂ ಹಚ್ಚಿದರು. 1952ರಲ್ಲಿ ಟಾಟಾ ಸಂಸ್ಥೆ ಲ್ಯಾಕ್ಮೆಯನ್ನು ಆರಂಭಿಸಿದಾಗ ಅದಕ್ಕಿಟ್ಟ ಹೆಸರು ಒಂದು ಫ್ರೆಂಚ್ ಒಪೆರಾದ್ದು, ಅಂದರೆ ನಮ್ಮ ಲಕ್ಷ್ಮಿಯೇ ಫ್ರಾನ್ಸಿಗೆ ಹೋಗಿ ಹೆಸರು ತಿರುಚಿಕೊಂಡು ಬಂದಳು. ವಿದೇಶಿ ಪ್ರಸಾಧನಗಳಿಗೆ ದೇಶದ ಹಣ ಸೋರಿಹೋಗಬಾರದೆಂಬ ಕಾಳಜಿ ಅದರ ಹಿಂದಿತ್ತು. ಹೀಗೆ ಲಿಪ್‌ಸ್ಟಿಕ್ ಸ್ವದೇಶಿಯೂ ಆಯಿತು, ಗೌರವಸ್ಥವೂ ಆಯಿತು. ಆದರೆ ಆ ಗೌರವ ಬಂಗಲೆಯ ಗೇಟಿನವರೆಗೆ ಮಾತ್ರ. ಅಲ್ಲಿ ಶಿಷ್ಟಾಚಾರವಾಗಿದ್ದದ್ದು ಲೈನುಮನೆಗೆ ಬಂದೊಡನೆ ಧಿಮಾಕು ಎನಿಸಿಕೊಂಡಿತು.

ನಮ್ಮ ಕವಿಗಳನ್ನೇ ನೋಡಿ. ಹೆಣ್ಣಿನ ತುಟಿಯನ್ನು ಮಾಗಿದ ತೊಂಡೆಹಣ್ಣಿಗೆ, ಹವಳಕ್ಕೆ, ಎಳೆಚಿಗುರಿಗೆ ಹೋಲಿಸದೆ ಅವರ ವರ್ಣನೆ ಮುಂದೆ ಸಾಗುವುದಿಲ್ಲ. ಚಿಕ್ಕಮಗಳೂರಿನಿಂದ ಒಂದು ಗಂಟೆಯೊಳಗೆ ಸೇರಬಹುದಾದ ಬೇಲೂರಿನಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಯಲ್ಲಿ ದರ್ಪಣಸುಂದರಿ ಕನ್ನಡಿ ಹಿಡಿದು ನಿಂತಿದ್ದಾಳೆ. ನೆಂಟರು ಬಂದರೆ ನಾವೇ ಕರೆದುಕೊಂಡು ಹೋಗಿ ತೋರಿಸುತ್ತೇವೆ. ಕಳಸದ ಬಸ್‌ನಿಲ್ದಾಣದಲ್ಲಿ ಒಬ್ಬ ಹುಡುಗಿ ಅಂಗೈಯಗಲದ ಕನ್ನಡಿ ಹಿಡಿದು ತುಟಿ ತಿದ್ದಿಕೊಂಡರೆ ಮಾತ್ರ ಕಾಲ ಕೆಟ್ಟಿತೆನ್ನುತ್ತೇವೆ. ಕಲ್ಲಾಗಿ ನಿಂತವಳಿಗೆ ಸಿಕ್ಕುವ ವಿನಾಯಿತಿ ಬಸ್ಸು ಕಾಯುವವಳಿಗೆ ಇಲ್ಲ.

ಹಳಬರ ಬಾಯಿ ಕೆಂಪಾಗಿರಲಿಲ್ಲವೇ? ಊಟವಾದ ಮೇಲೆ ಎಲೆ, ಅಡಿಕೆ, ಸುಣ್ಣ ಸೇರಿಸಿ ಜಗಿದು ತುಟಿ ಕೆಂಪು ಮಾಡಿಕೊಳ್ಳುವುದು ಮಲೆನಾಡಿನಲ್ಲಿ ಗಂಡಸಿಗೂ ಹೆಂಗಸಿಗೂ ಒಪ್ಪುವ ಅಲಂಕಾರವಾಗಿತ್ತು. ಬಾಯಿ ಹೆಚ್ಚು ಕೆಂಪಾದವಳಿಗೆ ಗಂಡನ ಪ್ರೀತಿ ಹೆಚ್ಚೆಂದು ನಮ್ಮಜ್ಜಿಯರು ನಗುತ್ತಿದ್ದರು. ಆ ಕೆಂಪಿನ ಬೆಲೆಯೂ ಈಗ ಗೊತ್ತಾಗಿದೆ. ಹೊಗೆಸೊಪ್ಪು ಇಲ್ಲದ ಎಲೆಅಡಿಕೆಯೂ ಬಾಯಿಯ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರ ತನ್ನ ವರದಿಯಲ್ಲಿ ಹೇಳಿತು. ಅಡಿಕೆ ಬೆಳೆಯುವ ಊರಿನಲ್ಲಿ ಕುಳಿತು ಇದನ್ನು ಬರೆಯುವುದು ಸುಲಭವಲ್ಲ, ಇರಲಿ. ಹೇಳಬೇಕಾದದ್ದು ಇಷ್ಟೇ: ಕೆಂಪು ತುಟಿಯ ಆಸೆಯನ್ನು ಟಿ.ವಿ. ಧಾರಾವಾಹಿಗಳು ಬಂದು ಹುಟ್ಟಿಸಿದ್ದಲ್ಲ.

ಇನ್ನು, ಅಷ್ಟು ಗಾಢ ಬಣ್ಣವೇ ಯಾಕೆ, ತಿಳಿಯಾದದ್ದು ಸಾಲದೇ ಎಂಬ ಎರಡನೆಯ ಪ್ರಶ್ನೆ. ಇದು ಅಭಿರುಚಿಯ ವೇಷ ತೊಟ್ಟು ಬರುವುದರಿಂದ ಮೊದಲನೆಯದಕ್ಕಿಂತ ಜಾಣತನದ್ದು. ಉತ್ತರ ಬೇಕಾದರೆ ಡಿಸೆಂಬರಿನ ಯಾವುದಾದರೊಂದು ಬೆಳಿಗ್ಗೆ ಕೊಯ್ಲಿನ ತೋಟಕ್ಕೆ ಹೋಗಬೇಕು. ಸೀರೆಯ ಮೇಲೆ ಗಂಡನದೋ ಅಣ್ಣನದೋ ಹಳೆಯ ಉದ್ದತೋಳಿನ ಅಂಗಿ, ತಲೆಯಿಂದ ಕಿವಿಯವರೆಗೆ ಬಿಗಿದ ಟವೆಲು, ಸೊಂಟಕ್ಕೆ ಕಟ್ಟಿದ ಚೀಲ. ಚಿಗಳಿ ಕಚ್ಚದಂತೆ, ಇಬ್ಬನಿ ತಾಗದಂತೆ, ಗಿಡದ ರೆಂಬೆ ಕೀಸದಂತೆ ಮೈಯೆಲ್ಲ ಮುಚ್ಚಿಕೊಂಡಿರುವ ಆ ಸಾಲಿನಲ್ಲಿ ಯಾರು ತಾಯಿ, ಯಾರು ಮಗಳು ಎಂಬುದು ಹತ್ತಿರ ಹೋಗುವವರೆಗೆ ತಿಳಿಯದು. ವಾರದ ಆರು ದಿನ ಹೀಗೆ. ನಮ್ಮ ಕಡೆ ಅನೇಕ ತೋಟಗಳಲ್ಲಿ ವಾರದ ರಜೆ ಸಂತೆಯ ದಿನವೇ ಬರುತ್ತದೆ, ಬಟವಾಡೆಯೂ ಅದರ ಆಸುಪಾಸಿನಲ್ಲೇ. ಆರು ದಿನ ಗಂಡಸಿನ ಹಳೆಯ ಅಂಗಿಯೊಳಗೆ ಕಾಣೆಯಾಗಿದ್ದವಳು ಏಳನೆಯ ದಿನ ಬೀದಿಯ ಆ ಬದಿಯಿಂದಲೇ ಕಾಣಬೇಕೆಂದು ಬಯಸಿದರೆ ಅದಕ್ಕೆ ತಿಳಿಗುಲಾಬಿ ಸಾಲುವುದಿಲ್ಲ. ನಮ್ಮ ಊರಿನ ಬೆಳಕೂ ಅದಕ್ಕೆ ಒಪ್ಪುವುದಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಆಕಾಶ ಬೂದಿ, ನೆಲ ಹಸಿರು, ನಡುವೆ ಮಂಜು. ಆ ಮಂಜಿನಲ್ಲಿ ನಗರದ ಪತ್ರಿಕೆಗಳು ಹೊಗಳುವ ಮೈಬಣ್ಣದ ಲಿಪ್‌ಸ್ಟಿಕ್ ಹಚ್ಚಿದರೂ ಒಂದೇ, ಹಚ್ಚದಿದ್ದರೂ ಒಂದೇ.

ಗಾಢ ಬಣ್ಣವನ್ನು ಹೀಗಳೆಯುವ ಮನೆಗಳ ಕಪಾಟಿನಲ್ಲಿ ನಾನು ಬಿಳಿಮಾಡುವ ಕ್ರೀಮುಗಳನ್ನು ಧಾರಾಳವಾಗಿ ಕಂಡಿದ್ದೇನೆ. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಹೆಸರು ಬದಲಿಸಿ ಗ್ಲೋ ಅಂಡ್ ಲವ್ಲಿ ಆಯಿತು. ಜನರ ಮನಸ್ಸಿನಲ್ಲಿದ್ದದ್ದು ಅಷ್ಟು ಸುಲಭವಾಗಿ ಬದಲಾಗಲಿಲ್ಲ. ಬಿಳಿಮಾಡುವ ಕ್ರೀಮು ಹೆಣ್ಣಿಗೆ ನಿನ್ನ ಚರ್ಮ ತಪ್ಪು ಎಂದು ಹೇಳುತ್ತದೆ. ಕಡುಗೆಂಪಿನ ಲಿಪ್‌ಸ್ಟಿಕ್ ಹಾಗೆ ಹೇಳುವುದಿಲ್ಲ, ಅದು ಚೆನ್ನಾಗಿ ಕೂರಬೇಕಾದರೆ ಮೈಬಣ್ಣವೂ ತುಸು ಗಾಢವಾಗಿರಬೇಕು. ನಾವು ಹೆದರಬೇಕಾದದ್ದಾದರೂ ಯಾವುದಕ್ಕೆ? 2014ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪರೀಕ್ಷಿಸಿದ 32 ಫೇರ್‌ನೆಸ್ ಕ್ರೀಮುಗಳ ಪೈಕಿ 14ರಲ್ಲಿ ಪಾದರಸ ಸಿಕ್ಕಿತ್ತು. ಹಾಗೆಂದು ಲಿಪ್‌ಸ್ಟಿಕ್ ಪೂರ್ತಿ ನಿರಪರಾಧಿಯಲ್ಲ; ಅದೇ ಪರೀಕ್ಷೆಯ 30 ಲಿಪ್‌ಸ್ಟಿಕ್‌ಗಳಲ್ಲಿ ಅರ್ಧದಷ್ಟರಲ್ಲಿ ಕ್ರೋಮಿಯಂ ಇತ್ತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬಣ್ಣ ಆರಿಸುವ ಬಗ್ಗೆ ಒಂದೆರಡು ಮಾತು ಹೇಳಬೇಕು. ಈ ಪುಟದಲ್ಲಿ ಇದು ಹಗುರ ವಿಷಯವೆಂದು ಕೆಲವರಿಗೆ ಅನಿಸಬಹುದು; ಅನಿಸಲಿ. ಕಾಫಿ ಕೊಯ್ಯುವ ಹೆಂಗಸು ದಿನಕ್ಕೆ ಸಾವಿರಾರು ಸಲ ಒಂದು ತೀರ್ಪು ಕೊಡುತ್ತಾಳೆ: ಈ ಹಣ್ಣು ಪೂರ್ತಿ ಕೆಂಪೋ, ಅರೆಗೆಂಪೋ, ಕಂದು ತಿರುಗಿತೋ. ಹಸಿರುಕಾಯಿ ಬೆರೆತರೆ ಮೇಸ್ತ್ರಿಯಿಂದ ಬೈಗುಳ. ಕೆಂಪಿನ ಅಂತರಗಳನ್ನು ಇಷ್ಟು ಸೂಕ್ಷ್ಮವಾಗಿ ಬಲ್ಲ ಕಣ್ಣಿಗೆ ನಾವು ಅಭಿರುಚಿಯ ಪಾಠ ಹೇಳಲು ಹೋಗುವುದು ಉದ್ಧಟತನ. ಕೊಳ್ಳುವಲ್ಲಿ ಆಕೆಗೆ ಅಡ್ಡಬರುವುದು ಕಣ್ಣಲ್ಲ, ಅಂಗಡಿಯ ಮಬ್ಬು ಬೆಳಕು ಮತ್ತು ಕೊಳವೆಯ ಬುಡದಲ್ಲಿ ಅಂಟಿಸಿರುವ ಇಂಗ್ಲಿಷ್ ಹೆಸರು. ಆ ಹೆಸರುಗಳನ್ನು ಬದಿಗಿಟ್ಟು ಸೀರೆಯ ಲೆಕ್ಕದಲ್ಲಿ ನೋಡಿದರೆ ಎಲ್ಲವೂ ನಮಗೆ ಗೊತ್ತಿರುವ ಬಣ್ಣಗಳೇ: ಕುಂಕುಮದ ಕೆಂಪು, ಇಟ್ಟಿಗೆ, ದಾಳಿಂಬೆ, ರಾಣಿ, ಈರುಳ್ಳಿಸಿಪ್ಪೆ, ನೇರಳೆ.

ಗೋಧಿವರ್ಣಕ್ಕೂ ಕಪ್ಪಿಗೂ ಕುಂಕುಮ, ಇಟ್ಟಿಗೆ, ದಾಳಿಂಬೆ ಬಣ್ಣಗಳು ಒಪ್ಪುತ್ತವೆ. ರಾಣಿ ಬಣ್ಣವೂ ಒಪ್ಪುತ್ತದೆ, ಆದರೆ ಅದಕ್ಕೆ ಸ್ವಲ್ಪ ಧೈರ್ಯ ಬೇಕು. ತಪ್ಪುವುದು ಬಿಳಿ ಬೆರೆತ ಪೇಲವ ಗುಲಾಬಿಯಲ್ಲಿ. ಅದರಲ್ಲಿರುವ ಬಿಳಿಯ ಪುಡಿ ಕಪ್ಪು ತುಟಿಯ ಮೇಲೆ ಬೂದಿಯಂತೆ ಕೂರುತ್ತದೆ. ವಿಚಿತ್ರವೆಂದರೆ ‘ಸಭ್ಯ’ ಎಂದು ನಾವು ಶಿಫಾರಸು ಮಾಡುವುದು ಈ ಬಣ್ಣವನ್ನೇ. ಮುಂಗೈಗೆ ಹಚ್ಚಿ ನೋಡುವುದು ರೂಢಿ, ಆದರೆ ತುಟಿಯ ಬಣ್ಣಕ್ಕೆ ಹತ್ತಿರವಾದದ್ದು ಬೆರಳ ತುದಿ. ಅಲ್ಲಿ ಹಚ್ಚಿ, ತಗಡಿನ ಚಪ್ಪರದಿಂದ ಹೊರಗೆ ಬಂದು ಹಗಲಿನಲ್ಲಿ ನೋಡಬೇಕು.

ಕೊಯ್ಲಿನ ತಿಂಗಳುಗಳಲ್ಲಿ ನಮ್ಮ ಕಡೆ ತುಟಿ ಒಡೆಯುತ್ತದೆ. ಒಡೆದ ತುಟಿಯ ಮೇಲೆ ಒಣಗಿ ಕೂರುವ ಮ್ಯಾಟ್ ಲಿಪ್‌ಸ್ಟಿಕ್ ಬಿರುಕನ್ನೆಲ್ಲ ಎತ್ತಿ ತೋರಿಸುತ್ತದೆ. ಅದಕ್ಕೆ ದುಬಾರಿ ಬಾಮು ಬೇಕಿಲ್ಲ. ಹಿಮ್ಮಡಿಗೆ ಹಚ್ಚಲೆಂದು ಮಲೆನಾಡಿನ ಮನೆಗಳಲ್ಲಿ ಇಟ್ಟಿರುತ್ತಿದ್ದ ಮುರುಗಲ ತುಪ್ಪವನ್ನೋ, ಅದಿಲ್ಲದಿದ್ದರೆ ಬೆಣ್ಣೆಯನ್ನೋ ಹಿಂದಿನ ರಾತ್ರಿ ತುಟಿಗೆ ಸವರಿದರೆ ಆಯಿತು. ಬಣ್ಣವನ್ನು ಕೊಳವೆಯಿಂದ ನೇರವಾಗಿ ಉಜ್ಜುವ ಬದಲು ಬೆರಳಿನಿಂದ ಒತ್ತಿ ಹಚ್ಚಿದರೆ ಅರ್ಧ ಖರ್ಚಿನಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಬುಡದಲ್ಲಿ ಉಳಿದ ಕಾಲುಭಾಗವನ್ನು ಬೆಂಕಿಕಡ್ಡಿಯಿಂದ ತೆಗೆದು ಪುಟ್ಟ ಡಬ್ಬಿಗೆ ಹಾಕಿಟ್ಟುಕೊಳ್ಳುವುದನ್ನು ನನಗೆ ಕಲಿಸಿದವರು ನಮ್ಮ ಪಕ್ಕದ ತೋಟದ ಲೈನಿನ ಹೆಂಗಸರು. ಆದರೆ ಒಂದೇ ಕೊಳವೆಯನ್ನು ನಾಲ್ಕು ಜನ ತುಟಿಗೆ ಉಜ್ಜಿಕೊಳ್ಳುವುದು ಮಾತ್ರ ಬೇಡ, ತುಟಿಹುಣ್ಣು ಒಬ್ಬರಿಂದೊಬ್ಬರಿಗೆ ಹರಡುತ್ತದೆ. ಹಂಚಿಕೊಳ್ಳಲೇಬೇಕಾದರೆ ಒಬ್ಬೊಬ್ಬರಿಗೆ ಒಂದೊಂದು ಕಡ್ಡಿ.

ನಾನು ಪಾಠ ಹೇಳುತ್ತಿದ್ದ ಗುಡ್ಡದೂರಿನ ಕಾಲೇಜೊಂದರಲ್ಲಿ ‘ಗಾಢ ತುಟಿಬಣ್ಣ ಹಚ್ಚಿ ಬರಕೂಡದು’ ಎಂದು ಸೂಚನಾ ಫಲಕದಲ್ಲಿ ಬರೆಸಿದ್ದರು. ಗಾಢ ಯಾವುದು, ತಿಳಿ ಯಾವುದು ಎಂದು ತೀರ್ಮಾನಿಸುವ ಹೊಣೆ ದೈಹಿಕ ಶಿಕ್ಷಣದ ಅಧ್ಯಾಪಕರಿಗೆ. ಗೇಟಿನಲ್ಲಿ ಹುಡುಗಿಯರು ಕರವಸ್ತ್ರದಿಂದ ತುಟಿ ಒರೆಸಿಕೊಂಡು ಒಳಗೆ ಬರುತ್ತಿದ್ದರು. ಕಳಸದ ಕಡೆಯಿಂದ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳನ್ನು, ಹೇಗೂ ಒರೆಸಬೇಕೆಂದು ಗೊತ್ತಿದ್ದೂ ದಿನಾ ಯಾಕಮ್ಮ ಹಚ್ಚುತ್ತೀ ಎಂದು ಕೇಳಿದೆ. ‘ಮನೇಲಿ ಹಚ್ಚಿದ್ರೆ ಅಪ್ಪ ಬಯ್ತಾರೆ ಮೇಡಂ, ಇಲ್ಲಿ ಹಚ್ಚಿದ್ರೆ ಸರ್ ಬಯ್ತಾರೆ. ಬಸ್ಸಲ್ಲಿ ಯಾರೂ ಬಯ್ಯಲ್ಲ’ ಎಂದಳು. ದಿನಕ್ಕೆ ಒಂದು ಬಸ್ ಪ್ರಯಾಣದಷ್ಟು ಹೊತ್ತು ಮಾತ್ರ ಆ ತುಟಿ ಅವಳದಾಗಿತ್ತು.

ಹಣದ ಮಾತಿಗೆ ಬರೋಣ. ಸಾಲವಿರುವ ಮನೆಯಲ್ಲಿ ಲಿಪ್‌ಸ್ಟಿಕ್ಕಿಗೆ ದುಡ್ಡು ಹಾಕುವುದು ಸರಿಯೇ ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅದೇ ಸಂತೆಯ ಮೂಲೆಯಲ್ಲಿ ಅದೇ ಬಟವಾಡೆಯ ಎಷ್ಟು ಪಾಲು ಮದ್ಯದಂಗಡಿಗೆ ಹೋಗುತ್ತದೆಂಬುದನ್ನು ಬಲ್ಲವರು ಆ ಲೆಕ್ಕವನ್ನು ಮೊದಲು ಕೇಳಬೇಕು. 2007ರಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. 2025ರ ಆರಂಭದಲ್ಲಿ ಕಾಫಿ ದರ ಹಿಂದೆಂದೂ ಕಾಣದ ಎತ್ತರಕ್ಕೆ ಏರಿದಾಗ ನಮ್ಮ ನಮ್ಮ ಅಂಗಳಗಳಿಗೆ ಬಂದ ಹೊಸ ವಾಹನಗಳ ಬಗ್ಗೆ ಯಾರೂ ನೀತಿಬೋಧೆ ಮಾಡಿದ್ದು ನನ್ನ ಕಿವಿಗೆ ಬಿದ್ದಿಲ್ಲ. ಹೆಸರಾಂತ ಕಂಪನಿಗಳ ಅಗ್ಗದ ಸರಣಿಯ ಲಿಪ್‌ಸ್ಟಿಕ್ ನೂರೈವತ್ತು ರೂಪಾಯಿಯೊಳಗೆ ಸಿಗುತ್ತದೆ. ವಾರಕ್ಕೆರಡು ದಿನ ಹಚ್ಚಿದರೆ ವರ್ಷಕ್ಕೆ ನೂರನಾಲ್ಕು ಸಲ. ಸಲಕ್ಕೆ ಒಂದೂವರೆ ರೂಪಾಯಿಯೂ ಬೀಳುವುದಿಲ್ಲ. ಸಂತೆಯ ನಲವತ್ತು ರೂಪಾಯಿಯದು ಎರಡು ತಿಂಗಳಿಗೆ ಮುರಿದು ಬೀಳುತ್ತದೆ ಅಥವಾ ಹಳಸಿದ ಎಣ್ಣೆಯ ವಾಸನೆ ಬರುತ್ತದೆ. ವರ್ಷಕ್ಕೆ ಆರು ಕೊಂಡರೆ ಇನ್ನೂರ ನಲವತ್ತು ರೂಪಾಯಿ. ಇದು ಆ ಹೆಂಗಸರಿಗೆ ತಿಳಿಯದ ಗಣಿತವಲ್ಲ. ಒಮ್ಮೆಗೇ ನೂರೈವತ್ತು ತೆಗೆಯಲಾಗದವರು ಆರು ಸಲ ನಲವತ್ತು ಕೊಡುತ್ತಾರೆ. ಅಕ್ಕಿ, ಎಣ್ಣೆಯಲ್ಲೂ ಬಡವರ ಪಾಡು ಇದೇ. ಶಾಂಪೂವನ್ನು ಒಂದು ರೂಪಾಯಿಯ ಪೊಟ್ಟಣದಲ್ಲಿ ಹಳ್ಳಿಹಳ್ಳಿಗೆ ಮುಟ್ಟಿಸಿದ ಕಂಪನಿಗಳಿಗೆ ಒಂದು ಗ್ರಾಂ ಲಿಪ್‌ಸ್ಟಿಕ್ಕನ್ನು ಸಂತೆಗೆ ತಲುಪಿಸುವುದು ಅಸಾಧ್ಯವೇ? ನಗರದ ಮಳಿಗೆಗಳಲ್ಲಿ ಅಂಥ ಪುಟ್ಟ ಗಾತ್ರದವು ಈಗಾಗಲೇ ಇವೆ, ಸಂತೆಯಲ್ಲಿ ನಾನು ಕಂಡಿಲ್ಲ.

ನಲವತ್ತು ರೂಪಾಯಿಯ ಕೊಳವೆಯೊಳಗೆ ಏನಿದೆ ಎಂಬುದೇ ನಿಜವಾಗಿ ಕೇಳಬೇಕಾದ ಪ್ರಶ್ನೆ. ಒಳ್ಳೆಯ ಲಿಪ್‌ಸ್ಟಿಕ್ ಎಂದರೆ ಮುಖ್ಯವಾಗಿ ಜೇನುಮೇಣದಂಥ ಮೇಣ, ಹರಳೆಣ್ಣೆಯಂಥ ಎಣ್ಣೆ ಮತ್ತು ಬಣ್ಣ. ಮೇಣ, ಎಣ್ಣೆಗಳಿಂದ ಭಯವಿಲ್ಲ, ಭಯವಿರುವುದು ಬಣ್ಣದಿಂದ. ತುಟಿಗೆ ಹಚ್ಚಿದ್ದರಲ್ಲಿ ಒಂದಷ್ಟು ಊಟದ ಜೊತೆ, ಕಾಫಿಯ ಜೊತೆ ಹೊಟ್ಟೆಗೆ ಹೋಗುತ್ತದೆ. ಆದ್ದರಿಂದಲೇ ನಮ್ಮ ಕಾನೂನು ಪ್ರಸಾಧನದ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 20 ಭಾಗವನ್ನೂ ಆರ್ಸೆನಿಕ್ 2 ಭಾಗವನ್ನೂ ಮೀರಕೂಡದೆಂದು ಮಿತಿ ಹಾಕಿದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2010ರಲ್ಲಿ ಅಂಗಡಿಗಳಿಂದ ತಂದ 400 ಲಿಪ್‌ಸ್ಟಿಕ್‌ಗಳನ್ನು ಪರೀಕ್ಷಿಸಿದಾಗ ಕಂಡ ಸೀಸದ ಸರಾಸರಿ ಹತ್ತು ಲಕ್ಷಕ್ಕೆ 1.11 ಭಾಗ, ಅತಿ ಹೆಚ್ಚೆಂದರೆ 7.19. ಹೆಸರು, ವಿಳಾಸ ಇರುವ ತಯಾರಕರ ಮಾಲನ್ನು ಹೀಗೆ ಅಳೆಯಬಹುದು, ತಪ್ಪಿದರೆ ಹಿಡಿಯಬಹುದು. ಪ್ರಖ್ಯಾತ ಹೆಸರಿನಲ್ಲಿ ಒಂದಕ್ಷರ ಆಚೀಚೆ ಮಾಡಿ ಹೊಳೆಯುವ ಕೊಳವೆಗೆ ಅಂಟಿಸಿದ ಮಾಲನ್ನು ಯಾರು ಅಳೆಯುತ್ತಾರೆ?

2020ರ ಪ್ರಸಾಧನ ನಿಯಮಗಳ ಪ್ರಕಾರ ತಯಾರಕರ ಹೆಸರು ಮತ್ತು ವಿಳಾಸ, ಬ್ಯಾಚ್ ಸಂಖ್ಯೆ, ಪರವಾನಗಿ ಸಂಖ್ಯೆ, ಯಾವ ತಿಂಗಳೊಳಗೆ ಬಳಸಬೇಕೆಂಬ ಸೂಚನೆ, ಒಳಗಿರುವ ಪದಾರ್ಥಗಳ ಪಟ್ಟಿ ಇವೆಲ್ಲ ಲೇಬಲ್ಲಿನ ಮೇಲಿರಬೇಕು. ಕಳೆದ ತಿಂಗಳು ಸಂತೆಯಲ್ಲಿ ನಾನು ತಿರುವಿ ನೋಡಿದ ಕೊಳವೆಗಳ ಮೇಲೆ ಬೆಲೆಯೂ ಸರಿಯಾಗಿ ಇರಲಿಲ್ಲ. 2024ರ ಮಾರ್ಚಿನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಬಟ್ಟೆಗೆ ಹಾಕುವ ರೋಡಮಿನ್-ಬಿ ಮಕ್ಕಳ ಹೊಟ್ಟೆ ಸೇರುತ್ತಿದೆಯೆಂಬ ಆತಂಕ ಸರಿಯಾದದ್ದೇ. ಗೋಬಿಯ ಗಾಡಿಯಿಂದ ಹತ್ತು ಹೆಜ್ಜೆ ಆಚೆ ಟಾರ್ಪಾಲಿನ ಮೇಲೆ ಹರಡಿರುವ ಕೆಂಪೂ ಬಾಯಿಗೇ ಹೋಗುವಂಥದು.

ಸರ್ಕಾರದ ಇನ್ನೊಂದು ಲೆಕ್ಕ ಇನ್ನೂ ಸ್ವಾರಸ್ಯಕರ. 2017ರಲ್ಲಿ ಜಿಎಸ್‌ಟಿ ಬಂದಂದಿನಿಂದ ಕುಂಕುಮ, ಬಿಂದಿ, ಪಾದಕ್ಕೆ ಹಚ್ಚುವ ಅಲ್ತಾ, ಗಾಜಿನ ಬಳೆ ಇವಕ್ಕೆ ತೆರಿಗೆಯಿಲ್ಲ. 2025ರ ಸೆಪ್ಟೆಂಬರಿನಲ್ಲಿ ಮುಖದ ಪೌಡರಿನ ತೆರಿಗೆ ಶೇಕಡ 5ಕ್ಕೆ ಇಳಿಯಿತು. ಲಿಪ್‌ಸ್ಟಿಕ್ ಮಾತ್ರ ಶೇಕಡ 18ರಲ್ಲೇ ಕುಳಿತಿದೆ. ಹಣೆಯ ಕೆಂಪು ಅಗತ್ಯ, ಪಾದದ ಕೆಂಪು ಅಗತ್ಯ, ತುಟಿಯ ಕೆಂಪು ವಿಲಾಸ! ನಮ್ಮ ಮದುವೆಮನೆಯ ಪಂಕ್ತಿಯ ಅಭಿಪ್ರಾಯವನ್ನೇ ದೆಹಲಿಯ ಮಂಡಳಿಯೂ ಶೇಕಡಾವಾರಿನಲ್ಲಿ ಬರೆದಿಟ್ಟಂತಿದೆ. ತೆರಿಗೆ ಕಟ್ಟುವ ಅಸಲಿ ಮಾಲು ದುಬಾರಿಯಾದಷ್ಟೂ ಬಿಲ್ಲಿಲ್ಲದ ನಕಲಿ ಮಾಲಿಗೆ ಸಂತೆ ಸಲೀಸಾಗುತ್ತದೆ.

ದೊಡ್ಡ ಬೇಡಿಕೆಗಳನ್ನು ಮುಂದಿಡುವ ಉದ್ದೇಶ ನನಗಿಲ್ಲ. ಪ್ರಸಾಧನಗಳ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಔಷಧ ಪರಿವೀಕ್ಷಕರಿಗೆ ಇದೆ. ಅವರು ಕೊಯ್ಲಿನ ಹಂಗಾಮಿನಲ್ಲಿ ಒಮ್ಮೆಯಾದರೂ ಮೂಡಿಗೆರೆ, ಕಳಸ, ಚಿಕ್ಕಮಗಳೂರಿನ ಸಂತೆಗಳಿಗೆ ಬರಲಿ; ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಲಿ, ಈಗ ಅಸ್ಸಾಂ, ಜಾರ್ಖಂಡಗಳಿಂದ ಬಂದು ನಮ್ಮ ತೋಟಗಳಲ್ಲಿ ದುಡಿಯುತ್ತಿರುವ ಹೆಂಗಸರಿಗೆ ಅವರ ಭಾಷೆಯಲ್ಲೂ ತಿಳಿಸಲಿ. ಅವರ ಲೈನುಮನೆಗಳ ಮುಂದೆಯೂ ಈಗ ಕಿಟಕಿಗೆ ಸಿಕ್ಕಿಸಿದ ಕನ್ನಡಿಗಳಿವೆ. ಪರೀಕ್ಷೆಯ ಹೆಸರಿನಲ್ಲಿ ಟಾರ್ಪಾಲು ಹಾಸಿ ಕೂತ ಬಡ ವ್ಯಾಪಾರಿಯ ಗಂಟನ್ನು ಕಿತ್ತುಕೊಂಡು ಹೋಗಿ ಕೆಲಸ ಮುಗಿಯಿತೆನ್ನುವುದು ಬೇಡ; ಆತನಿಗೆ ಮಾಲು ಕೊಟ್ಟ ಸಗಟು ಅಂಗಡಿಯ ತನಕ ಹೋಗಬೇಕು.

ಆ ವ್ಯಾಪಾರಿಯ ಜೊತೆ ನಾನು ಮಾತಾಡಿದ್ದೇನೆ. ಬಳೆ, ಕ್ಲಿಪ್ಪು, ರಿಬ್ಬನ್ನಿನ ನಡುವೆ ಎರಡು ರಟ್ಟಿನ ಪೆಟ್ಟಿಗೆಗಳಲ್ಲಿ ಲಿಪ್‌ಸ್ಟಿಕ್ ಜೋಡಿಸಿದ್ದ. ಇದರಲ್ಲಿ ಏನು ಹಾಕಿರುತ್ತಾರೆ ಗೊತ್ತೇನಪ್ಪ ಎಂದು ಕೇಳಿದೆ. ‘ನಂಗೇನು ಗೊತ್ತಕ್ಕ, ಡಜನ್ ಲೆಕ್ಕದಲ್ಲಿ ಬರುತ್ತೆ. ನನ್ನ ಹೆಂಡ್ತಿಗೂ ಇದನ್ನೇ ಕೊಟ್ಟಿದೀನಿ’ ಎಂದ. ಯಾವ ಬಣ್ಣ ಹೆಚ್ಚು ಹೋಗುತ್ತದೆಂದು ಕೇಳಿದ್ದಕ್ಕೆ ಖಾಲಿಯಾಗುತ್ತಾ ಬಂದಿದ್ದ ಪೆಟ್ಟಿಗೆಯನ್ನು ಮುಂದೆ ತಳ್ಳಿದ. ಅದರಲ್ಲಿ ಕೆಂಪಿನವು ಮೂರು ಉಳಿದಿದ್ದವು. ತಿಳಿಗುಲಾಬಿಯ ಪೆಟ್ಟಿಗೆ ತುಂಬಿಯೇ ಇತ್ತು.